ಎರಡೂ ಕರಿ ವೈರು

ಸಣ್ಣ ಕಂಪನಿಗಳೆಲ್ಲ ತಮ್ಮ ಸರ್ವರ್‌ಗಳನ್ನು ಒಟ್ಟಿಗೆ ಇಡುವ ಬಾಡಿಗೆ ಕಟ್ಟಡವದು. ಒಳಗೆ ಹೋಗಲು ಸಹಿ ಹಾಕುವ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಯುವತಿ, ಒಬ್ಬ ನರೆಗೂದಲಿನವರು. ಇಬ್ಬರೂ ಕ್ಲಿನಿಕ್‌ಗಳಿಗೆ ಸಾಫ್ಟ್‌ವೇರ್ ಮಾರುವವರು.

“ಅಣ್ಣಾ, ಸೋಮವಾರ ನಮ್ಮ ಸರ್ವರ್ ಕಾಲು ಗಂಟೆ ನಿಂತುಹೋಗಿತ್ತು. ಯಾಕಂತ ಇಲ್ಲಿ ಯಾರಿಗೂ ಗೊತ್ತಿಲ್ಲ.”

“ನಂಗೊತ್ತು. ವೈರು ಕಿತ್ತಿದ್ದು ನಾನೇ.”

“ನೀವಾ?”

“ನಮ್ಮ ಹಳೇ ಸರ್ವರ್ ತೆಗೀತಿದ್ದೆ. ಪಕ್ಕದಲ್ಲೇ ನಿಂದು. ಎರಡೂ ಕರಿ ವೈರು. ಹೆಸರಿನ ಚೀಟಿ ಅಂಟಿಸೋಕೆ ನಿಂಗೂ ಸೋಮಾರಿತನ, ನಂಗೂ.”

“ಆಮೇಲೆ ಹೇಗೆ ಗೊತ್ತಾಯ್ತು?”

“ನಿನ್ನ ಗಿರಾಕಿ, ಆ ಹಲ್ಲಿನ ಡಾಕ್ಟರು, ನಂಗೇ ಫೋನ್ ಮಾಡಿದ್ರು. ‘ಅವರದು ನಿಂತುಹೋಗಿದೆ, ಸಾಕಾಯ್ತು, ನಿಮ್ಮ ಹತ್ರಾನೇ ಬರ್ತೀವಿ’ ಅಂದ್ರು. ಆಗ ಕೈಲಿದ್ದ ವೈರು ನೋಡ್ಕೊಂಡೆ.”

ಯುವತಿ ತಿರುಗಿ ಅವರ ಮುಖ ನೋಡಿದಳು.

“ಎರಡು ವರ್ಷದಿಂದ ಅವರ ಹಿಂದೆ ಬಿದ್ದಿದ್ರಿ ನೀವು.”

“ಮೂರು.”

“ಏನಂದ್ರಿ ಮತ್ತೆ?”

“ಐದು ನಿಮಿಷ ತಡೀರಿ, ಅವರದು ಬಂದುಬಿಡುತ್ತೆ ಅಂದೆ.”

“ಕೈಗೆ ಬಂದ ತುತ್ತು ಬಿಟ್ಬಿಟ್ರಾ?”

“ತಟ್ಟೆ ನಿಂದಲ್ವಾ, ತಾಯಿ.”

ಕಾವಲಿನವನು ಬಾಗಿಲು ತೆರೆದ.

“ಈಗಲಾದ್ರೂ ಚೀಟಿ ತಂದಿದೀರಾ?” ಯುವತಿ ಒಳಗೆ ಹೋಗುತ್ತಾ ಕೇಳಿದಳು.

“ಎರಡು ತಂದಿದೀನಿ. ನಿನ್ನ ಹೆಸರು ಬರೆದಾಗಿದೆ.”