ಮೀನಖಂಡದಲ್ಲಿ ಬರೆದ ಹೆಸರು

ಪುತ್ತೂರಿನ ಆಸ್ಪತ್ರೆಯೊಂದರಲ್ಲಿ ಕೀಮೋಗೆ ಕಾಯುವವರ ಸಾಲು. ನನ್ನ ಎದುರಿನ ಬೆಂಚಿನಲ್ಲಿ ಝುಲೈಖಾ ಎಂಬವರು ಮೊಬೈಲನ್ನು ತಮ್ಮ ನೆರೆಮನೆಯ ಸೀತಕ್ಕನ ಮುಖಕ್ಕೆ ಹಿಡಿದಿದ್ದರು.

“ಇದು ನಿನ್ನ ಮಗಳು ರಿಝ್ವಾನಾನಾ? ಮೋರೆ ಎಲ್ಲ ಕಪ್ಪಾಗಿದೆ ಮಾರಾಯ್ತಿ!”

“ಅಮೇರಿಕ ಇಡೀ ಸೈಕಲಲ್ಲಿ ದಾಟುವವಳನ್ನು ಬಿಸಿಲು ಬಿಡ್ತದಾ ಸೀತಕ್ಕ? ಮೊನ್ನೆ ನಾಯಿ ಓಡಿಸಿಕೊಂಡು ಬಂತಂತೆ. ನಿನ್ನೆ ಇಡೀ ಎದುರುಗಾಳಿ. ಸೀಟಲ್ಲಿ ಕೂತು ಕೂತು ತೊಡೆಯ ಚರ್ಮ ಎದ್ದುಹೋಗಿದೆ.”

“ಹಿಂದಿನಿಂದ ವ್ಯಾನ್ ಬರ್ತದೆ ಅಂತ ಹೇಳಿದ್ದಿಯಲ್ಲ, ಅದಕ್ಕೆ ಹತ್ತಿದ್ರೆ ಎಂತ?”

“ಹತ್ತುದೇ ಇಲ್ಲ ಅಂತಾಳೆ. ಕ್ಯಾನ್ಸರಿನವರಿಗೆ ಸಹಾಯ ಕೇಳ್ಲಿಕ್ಕೆ ಹೊರಟವಳು ವ್ಯಾನಲ್ಲಿ ಕೂತ್ರೆ ಯಾರು ಕೊಡ್ತಾರೆ ಅಂತ ನನ್ನನ್ನೇ ಕೇಳ್ತಾಳೆ.”

“ಕಾಲಲ್ಲಿ ಎಂತ ಬರ್ದದ್ದು?”

“ನನ್ನ ಹೆಸರು. ಇವತ್ತು ಯಾರಿಗೋಸ್ಕರ ತುಳಿಯುದು ಅಂತ ಅವಳೊಟ್ಟಿಗೆ ಸೈಕಲ್ ಬಿಡುವವರೆಲ್ಲ ದಿನಾ ಬೆಳಿಗ್ಗೆ ಮೀನಖಂಡದಲ್ಲಿ ಬರ್ಕೊಳ್ತಾರೆ.”

“ಅಯ್ಯೋ ದೇವರೇ! ಹೆತ್ತವಳ ಹೆಸರು ಕಾಲಲ್ಲಾ?”

“ನಾನೂ ಬೈದೆ, ಕೈಯಲ್ಲಿ ಬರಿ ಅಂತ. ‘ಗುಡ್ಡ ಹತ್ತುದು ಕೈ ಅಲ್ಲ ಉಮ್ಮಾ, ಕಾಲು’ ಅಂದ್ಲು.”

ಒಳಗಿನಿಂದ ಝುಲೈಖಾ ಹೆಸರು ಕರೆದರು. ಆಯಾ ವೀಲ್‌ಚೇರ್ ತಂದು ನಿಲ್ಲಿಸಿದರು.

“ಕೂತ್ಕೊ. ಕಳೆದ ಸಲ ತಲೆ ತಿರುಗಿ ಬಿದ್ದದ್ದು ನೆನಪುಂಟಲ್ಲ?” ಎಂದರು ಸೀತಕ್ಕ.

“ಬಿದ್ರೆ ಏಳ್ತೇನೆ. ಅಲ್ಲಿ ನನ್ನ ಹೆಸರು ಗುಡ್ಡ ಹತ್ತುವಾಗ ನಾನಿಲ್ಲಿ ಕುರ್ಚಿಯಲ್ಲಿ ಕೂತು ಹೋಗುದಾ?”

ಝುಲೈಖಾ ಗೋಡೆ ಹಿಡಿದು ಎದ್ದು ನಡೆದರು. ಸೀತಕ್ಕ ಪಕ್ಕದಲ್ಲೇ ಹೋದರು. ಆಯಾ ಖಾಲಿ ವೀಲ್‌ಚೇರ್ ತಳ್ಳಿಕೊಂಡು ಹಿಂದಿನಿಂದ ಹೋದರು.