ಬಿಗಿದ ನಟ್ಟು, ಕಡೆದ ಮಜ್ಜಿಗೆ

...ಕೂತ್ಕೋ ಅಂದೆನಲ್ಲ, ಕೂತ್ಕೋ ತಿಪ್ಪೇರುದ್ರಪ್ಪ. ನಿಂತ್ಕೊಂಡು ಕೇಳಿದ್ರೆ ನಟ್ಟು ತಾನೇ ಬಿಚ್ಚಿಕೊಳ್ತದಾ? ನಿನ್ನ ಮೋಟಾರು ಎಲ್ಲಿಗೂ ಓಡಿಹೋಗಲ್ಲ. ಅಗೋ, ಈ ಜಗಲಿಯಿಂದಲೇ ಕಾಣ್ತೈತೆ. ಕೆರೆ ಏರಿ ಮೇಲೆ ಕಾಲು ಮುರಿದ ಎಮ್ಮೆ ಥರ ಒಂದು ಕಡೆಗೆ ವಾಲಿಕೊಂಡು ನಿಂತೈತೆ. ಬಲಗಡೆ ಹಿಂದಿನ ಗಾಲಿ ಪಂಚರು. ಹಾಕೋಕೆ ಬೇರೆ ಗಾಲಿ ಐತೆ, ಎತ್ತೋಕೆ ಜಾಕಿ ಐತೆ, ತಳ್ಳೋಕೆ ಜನ ಅವ್ರೆ. ಎಲ್ಲಾ ಐತೆ. ನಟ್ಟು ಮಾತ್ರ ಬಿಚ್ಚಲ್ಲ. ಪಾಪ.

ಏ ಇವಳೇ, ಡ್ರೈವರಪ್ಪ ಬಂದವ್ನೆ. ಮಜ್ಜಿಗೆ ತಗೊಂಡು ಬಾ. ಎರಡು ಲೋಟ.

ಕುಡಿ. ಬಿಸಿಲಲ್ಲಿ ಏರಿಯಿಂದ ಓಡಿ ಬಂದಿದ್ದೀಯ, ಕುಡಿ. ಯಾಕೆ, ಲೋಟಾನೇ ನೋಡ್ತಾ ಇದ್ದೀಯ? ನಾನೇ ಕಡೆದಿದ್ದು ಕಣಪ್ಪ. ನೀನೇ ಅಲ್ವ ಆ ಕೆಲಸ ಕೊಟ್ಟಿದ್ದು? ಮರೆತುಬಿಟ್ಯಾ? ನಾನು ಮರೆತಿಲ್ಲ. ಮಡಕಶಿರದ ಮೋಟಾರು ಸ್ಟ್ಯಾಂಡು, ಸಂತೆ ದಿನ, ಕಡಲೆಕಾಯಿ ಮೂಟೆ ಮೇಲೆಲ್ಲ ಜನ ಕೂತವ್ರೆ. ನಾನು ಬಿಗಿದಿದ್ದ ಗಾಲಿ ಸಡಿಲ ಆಗಿ ದಾರಿಯಲ್ಲಿ ಓಲಾಡ್ತು ಅಂತ ನೀನು ಇಳಿದು ಬಂದೆ. ಬಂದವನು ಸುಮ್ಮನೆ ನನ್ನ ಕಿವಿಯಲ್ಲಿ ಹೇಳಬಹುದಾಗಿತ್ತು. ಹೇಳಿದ್ಯಾ? ನಿಮ್ಮ ರಾಯದುರ್ಗದ ರಾಗ ತೆಗೆದು ಕೂಗಿದೆ. "ಏ ಅಜ್ಜಾ, ನಿನ್ನ ಕೈ ನಡಗಾಕ ಹತ್ಯಾವ. ನಾಳಿಂದ ಗಾಲಿ ಮುಟ್ಟಬ್ಯಾಡ. ಮನ್ಯಾಗ ಕುಂತು ಮಜ್ಜಿಗಿ ಕಡಿ. ನಡುಗೋ ಕೈಗೆ ಅದ ಸರಿ, ಕಡಗೋಲು ತಾನ ತಿರಗತೈತಿ."

ನಕ್ಕರಪ್ಪ ಜನ. ಮೂಟೆ ಮೇಲಿಂದ ಉರುಳಿಕೊಂಡು ನಕ್ಕರು. ನೀನೂ ನಕ್ಕೆ.

ಆವತ್ತಿನಿಂದ ನನ್ನ ಹೆಸರು ದೊಡ್ಡರಂಗಪ್ಪ ಅಲ್ಲ, ಮಜ್ಜಿಗೆ ರಂಗಪ್ಪ. ಗಾಡಿ ಚಕ್ರಕ್ಕೆ ಪಟ್ಟಾ ಹಾಕಿಸೋಕೂ ಒಬ್ಬ ಬಂದಿಲ್ಲ ಕುಲುಮೆ ಹತ್ರ. ನೇಗಿಲ ಗುಳ ಬಡಿಸೋಕೂ ಪಕ್ಕದ ಹಳ್ಳಿಗೆ ಹೋಗ್ತಾರೆ. ನಾನು ಹಾಕಿದ ಪಟ್ಟಾ ಎಂಥದು ಗೊತ್ತಾ ನಿಂಗೆ? ಚಿಕ್ಕತಿಮ್ಮಯ್ಯನ ಗಾಡಿ ಚಕ್ರದ ಮರ ಗೆದ್ದಲು ತಿಂದು ಪುಡಿಪುಡಿ ಆಗಿಹೋಯ್ತು, ಪಟ್ಟಾ ಮಾತ್ರ ಒಂದೇ ಗುಂಡಗೆ ಉರುಳಿಕೊಂಡು ಅವನ ಮನೆ ಬಾಗಿಲಿಗೆ ಬಂತು. ದಾರಿ ಗೊತ್ತಿದ್ದ ಹಸು ಬಂದ ಹಾಗೆ.

ಯಾಕೆ ನಗ್ತೀಯ? ಸುಳ್ಳು ಅಂತೀಯಾ? ಹಿಂದೂಪುರದ ರೈಲು ಸ್ಟೇಷನ್ನಿನಲ್ಲಿ ಕೇಳು ಹೋಗು. ನನ್ನ ಹರೆಯದಲ್ಲಿ ಅಲ್ಲೊಂದು ಇಂಜಿನ್ನು ನಿಂತುಹೋಗಿತ್ತು. ಒಂದೇ ಒಂದು ನಟ್ಟು. ಪ್ಯಾಂಟು ಹಾಕಿದವರು ಬಂದ್ರು, ಟೋಪಿ ಹಾಕಿದವರು ಬಂದ್ರು, ಯಾರ ಕೈಗೂ ಬಗ್ಗಲಿಲ್ಲ. ನಾನು ಎಲೆ ಅಡಿಕೆ ಹಾಕ್ಕೊಂಡು ಹೋದೆ. ಎರಡು ಬೆರಳಲ್ಲಿ ಹಿಡಿದೆ, ತಿರುವಿದೆ. ನಟ್ಟು ಬಂತು. ನಟ್ಟು ಬಂದಿದ್ದು ದೊಡ್ಡದಲ್ಲ, ನಾನು ತಿರುವಿದ ರಭಸಕ್ಕೆ ಇಂಜಿನ್ನೇ ಒಂದು ಸುತ್ತು ತಿರುಗಿ ಬೆಂಗಳೂರ ಕಡೆ ಮುಖ ಮಾಡಿಬಿಟ್ಟಿತ್ತು. ಅದನ್ನ ಮತ್ತೆ ಗುಂತಕಲ್ಲ ಕಡೆ ತಿರುಗಿಸೋಕೆ ಇನ್ನೊಂದು ಎಲೆ ಅಡಿಕೆ ಬೇಕಾಯ್ತು.

ನಗು, ನಗು. ಒಳಗೆ ನಮ್ಮನೇಳು ಕೆಂಪಕ್ಕನೂ ನಗ್ತಾ ಅವಳೆ. ಅವಳಿಗೆ ಎಲ್ಲದಕ್ಕೂ ನಗುವೇ.

ಅಂಥ ಕೈಗೆ ನೀನು ನಡುಕ ಅಂದೆ. ನಾನೂ ಎಲ್ಲರ ಮುಂದೇನೇ ಹೇಳಿದೆ, ನೆನಪಿರಬೇಕು ನಿಂಗೆ. ಇದೇ ಗಾಲಿ ಬಿಗಿದು ಕೊಡ್ತೀನಿ, ನೀನು ಬಿಚ್ಚಿಬಿಡು, ಆವತ್ತು ಮಜ್ಜಿಗೆ ಕಡೀತೀನಿ ಅಂದೆ. ನೀನು ಏನಂದೆ? "ಬಿಗಿ ಅಜ್ಜಾ, ನೋಡೇಬಿಡೋಣ ನಿನ್ನ ತಾಕತ್ತು." ಅಂದು, ಉಂಡು, ಛತ್ರದ ಜಗಲಿ ಮೇಲೆ ಮಲಗಿ ಗೊರಕೆ ಹೊಡೆದೆ. ಮಟ ಮಟ ಮಧ್ಯಾಹ್ನ. ಸ್ಟ್ಯಾಂಡಿನ ಶೆಡ್ಡಿನ ಹಿಂದೆ ಒಂದು ನಾಯೀನೂ ಇರಲಿಲ್ಲ. ನಾನೊಬ್ಬನೇ. ನಾನು, ನಟ್ಟು ತಿರುವೋ ನನ್ನ ಪಾನ, ನಿನ್ನ ಗಾಲಿ. ಬಿಗಿದೆ. ನೀನು ಎದ್ದು ಬಂದು ಒಂದ್ಸಲ ಮುಟ್ಟಿ ನೋಡಲಿಲ್ಲ. ಮುದುಕ ಏನು ಬಿಗಿದಾನು ಅಂತ ಬೀಡಿ ಹಚ್ಚಿಕೊಂಡು ಹೊರಟೆ.

ಇವತ್ತು ಮುಟ್ಟಿ ನೋಡಿದ್ಯಲ್ಲ. ನಾನು ಇಲ್ಲೇ ಕೂತು ನೋಡ್ತಾ ಇದ್ದೆ ಬೆಳಗಿನಿಂದ. ಮೊದಲು ಕೈಯಲ್ಲಿ ತಿರುವಿದೆ. ಆಮೇಲೆ ಕಾಲಲ್ಲಿ ತುಳಿದೆ. ಆಮೇಲೆ ಪಾನಕ್ಕೆ ಕೊಳವೆ ಸಿಕ್ಕಿಸಿ ಇಬ್ಬರು ಪ್ಯಾಸೆಂಜರುಗಳನ್ನ ಅದರ ಮೇಲೆ ಕುಣಿಸಿದೆ. ಟಣ್ ಅಂತು. ಇಲ್ಲಿಗೆ ಕೇಳಿಸ್ತು ಕಣಪ್ಪ, ಎಂಥಾ ಇಂಪು. ಬಿಚ್ಚಿತು ಅಂತ ನೀವೆಲ್ಲ ಹೋ ಅಂದ್ರಿ. ಬಿಚ್ಚಲಿಲ್ಲ, ಬೋಲ್ಟೇ ಮುರೀತು. ನಿನ್ನ ಪಾನದ ಬಾಯಿ ನೋಡು ಇಲ್ಲಿ, ಹಲ್ಲು ಬಿದ್ದ ಮುದುಕಿ ಬಾಯಿ ಥರ ಅಗಲವಾಗೈತೆ. ನಟ್ಟಿನ ಮೂಲೆಗಳೂ ಸವೆದು ಗುಂಡಗಾಗಿರ್ತವೆ ಈಗ.

ಕೇಳು, ಬಿಟ್ಟಿ ವಿದ್ಯೆ ಹೇಳಿಕೊಡ್ತೀನಿ. ಕಬ್ಬಿಣಕ್ಕೂ ಒಂದು ಜೀವ ಐತೆ. ಹದವಾಗಿ ಬಿಗಿದರೆ ಹಿಡಿಕೊಳ್ತದೆ. ಹದ ಮೀರಿ ಬಿಗಿದರೆ ಬೋಲ್ಟು ಒಳಗೊಳಗೇ ಜಗ್ಗಿ, ಕತ್ತು ಸಣ್ಣಗಾಗ್ತದೆ. ಮೇಲಿಂದ ನೋಡಿದವನಿಗೆ ಗಟ್ಟಿ, ಒಳಗೆ ಅರ್ಧ ಪ್ರಾಣ. ಬಿಚ್ಚೋಕೆ ಜಗ್ಗಾಡಿದ್ರೆ ಟಣ್. ಜಗ್ಗಾಡದೆ ಹಾಗೇ ಓಡಿಸಿದ್ರೂ ಒಂದು ದಿನ ಟಣ್. ಇದು ನಂಗೆ ಗೊತ್ತಿರಲಿಲ್ಲ ಅಂದ್ಕೊಂಡ್ಯಾ? ಗೊತ್ತಿದ್ದೇ ಬಿಗಿದೆ. ನೀನು ಒಂದು ದಿನ ಈ ಬಾಗಿಲಿಗೆ ಬರಬೇಕಾಗಿತ್ತು, ಅದಕ್ಕೇ ಬಿಗಿದೆ.

ಹೂಂ, ಈಗ ನಗು ಹೋಯ್ತು.

ಇನ್ನು ಐದು ಉಳಿದವೆ. ಇನ್ನೊಂದು ಮುರಿದ್ರೆ ಮೋಟಾರು ಮೂಲೆಗೆ, ನಿನ್ನ ಧಣಿ ನಿನ್ನನ್ನ ಮನೆಗೆ. ಈ ಯುದ್ಧದ ಕಾಲದಲ್ಲಿ ಮದರಾಸಿನಿಂದ ಬೋಲ್ಟು ಬರ್ತದಾ? ಪೆಟ್ರೋಲೇ ಬರ್ತಿಲ್ಲ, ಇದ್ದಿಲು ಉರಿಸಿಕೊಂಡು ಓಡಿಸ್ತಾ ಇದ್ದೀರ. ಆಮೇಲೆ ನೀನೂ ಬಾ, ಜೋಡಿ ಕೂತು ಕಡಿಯೋಣ ಮಜ್ಜಿಗೆ.

ನನ್ನ ಲೋಟಾನಾ? ಇರಲಿ ಬಿಡು, ಆಮೇಲೆ ಕುಡೀತೀನಿ. ನೀನು ಕುಡಿ... ಯಾಕೆ ನಾನು ಹೊದ್ದಿರೋ ಕಂಬಳಿ ನೋಡ್ತೀಯ? ಚಳಿ ಕಣಯ್ಯ. ಬಿಸಿಲಿದ್ರೆ ಚಳಿ ಇರಬಾರದು ಅಂತ ಎಲ್ಲಾದ್ರೂ ಐತಾ? ವಯಸ್ಸಾದ ಮೇಲೆ ಕೈ ಬೆಚ್ಚಗಿಟ್ಟುಕೊಳ್ಳಬೇಕು. ಕತ್ತೀನ ಒರೆಯಲ್ಲಿ ಇಡಲ್ವ, ಹಂಗೆ.

ಬಿಚ್ಚಿಕೊಡ್ತೀನಿ. ಬಿಚ್ಚಲ್ಲ ಅಂದ್ನಾ? ಆದ್ರೆ ಮೊದಲು ನನ್ನ ಕೂಲಿ. ಏ, ಜೇಬಿಗೆ ಕೈ ಹಾಕಬೇಡ, ದುಡ್ಡು ಯಾರಿಗೆ ಬೇಕು. ನೀನು ಏರಿ ಮೇಲೆ ಹೋಗಬೇಕು. ಆ ಹೊಂಗೆ ಮರದ ಕೆಳಗೆ ಕೂತವ್ರಲ್ಲ ನಿನ್ನ ಪ್ಯಾಸೆಂಜರುಗಳು, ಅಷ್ಟೂ ಜನದ ಮುಂದೆ ಮೋಟಾರಿನ ಮೆಟ್ಟಿಲು ಹತ್ತಿ ನಿಂತು ಕೂಗಬೇಕು. ದೊಡ್ಡರಂಗಪ್ಪನ ಕೈ ನಡುಗಲ್ಲ. ಆವತ್ತು ಎಷ್ಟು ಗಂಟಲು ಕಿತ್ತುಕೊಂಡಿದ್ಯೋ ಅಷ್ಟೇ ಜೋರಾಗಿ. ತೆಲುಗಿನಲ್ಲೂ ಕೂಗು, ಒಬ್ಬರಿಗೂ ತಪ್ಪಬಾರದು. ದೊಡ್ಡರಂಗಪ್ಪ ಚೇತುಲು ವಣಕವು. ಆಮೇಲೆ ಮುಂದಿನ ಸಂತೆ ದಿನ ಸ್ಟ್ಯಾಂಡಿನಲ್ಲೂ ಇನ್ನೊಂದ್ಸಲ. ಕೂಗ್ತೀಯಾ?

ತಲೆ ಆಡಿಸಿದ್ರೆ ಸಾಲದು... ಆಯ್ತು, ಒಪ್ಪಿದೆ ಅಂತ ತಿಳ್ಕೊಳ್ತೀನಿ.

ಏ, ಎಲ್ಲಿಗೆ ಎದ್ದೆ? ಪಾನ ನಾನು ತರ್ತೀನಿ, ನೀನು ಕೂತ್ಕೋ. ಕೊಟ್ಟಿಗೆಯಲ್ಲಿ ಏನಿಲ್ಲ ಕಣಯ್ಯ, ಎತ್ತು ಹಾಯ್ತವೆ. ತಿಪ್ಪೇರುದ್ರಪ್ಪ... ಹೇಳಿದ ಮಾತು ಕೇಳಲ್ಲ ಈ ರಾಯದುರ್ಗದವರು. ಏ ಇವಳೇ, ನೀನಾದ್ರೂ ತಡೀಬಾರದಾ...

ಅದ್ಯಾಕೆ ಎಳ್ಕೊಂಡು ಬಂದೆ? ಪಾನ ಒಂದೇ ಸಾಕಾಗಿತ್ತು. ಆ ಉದ್ದದ ಕೊಳವೆ ಯಾಕೆ? ಅದು ಅದಕ್ಕೆ ಸಿಕ್ಕಿಸಿದ್ದಲ್ಲ, ಸುಮ್ಮನೆ ಒಂದರಲ್ಲಿ ಒಂದು ಇಟ್ಟಿದ್ದು. ಹಗ್ಗ? ಬಟ್ಟೆ ಒಣಹಾಕೋ ಹಗ್ಗ ಅದು. ಬಾವಿ ಕಪಿಲೆ ಹಗ್ಗದಷ್ಟು ದಪ್ಪ ಐತಾ? ನಮ್ಮನೇಳ ಸೀರೆ ಭಾರ ಜಾಸ್ತಿ. ನೊಗದ ಗುರುತು ಅಲ್ಲ ಅದು... ಸಗಣಿ ಎಲ್ಲಿಂದ ಬಂತೋ ನಂಗೇನು ಗೊತ್ತು, ಕೊಟ್ಟಿಗೆ ಅಂದ ಮೇಲೆ ಸಗಣಿ ಇಲ್ದೆ ಸಂಪಿಗೆ ಹೂವು ಇರ್ತದಾ?

ಈಗ ಯಾಕೆ ಎತ್ತಿನ ಕಡೆ ನೋಡ್ತೀಯ?

ಆ ಎತ್ತು ಕಪಿಲೆ ಎತ್ತು, ಹಿಪ್ಪುನೇರಳೆ ತೋಟಕ್ಕೆ ಬಾವಿ ನೀರು ಎತ್ತೋವು. ಅವಕ್ಕೂ ನಟ್ಟಿಗೂ ಏನು ಸಂಬಂಧ? ಕೈಯಲ್ಲೇ ಬಿಗಿದೆ ನಾನು. ಈ ಕೈಯಲ್ಲಿ. ನಾನೊಬ್ಬನೇ... ಕೆಂಪಕ್ಕ ಬಂದಿದ್ಲು, ಬುತ್ತಿ ಕೊಡೋಕೆ. ಬುತ್ತಿ ಕೊಡೋಕೆ ಬಂದವಳು ಎತ್ತು ಯಾಕೆ ಹೊಡ್ಕೊಂಡು ಬಂದಳು ಅಂತ ಕಣ್ಣಲ್ಲೇ ಕೇಳ್ತಾ ಇದ್ದೀಯಲ್ಲ. ಮೇಯಿಸೋಕೆ. ಶೆಡ್ಡಿನ ಹಿಂದೆ ಹುಲ್ಲು ಚೆನ್ನಾಗಿ ಬೆಳೆದೈತೆ.

ಇಲ್ಲಿ ಯಾಕೆ ಇಡ್ತೀಯ ಪಾನಾನ, ನನ್ನ ತೊಡೆ ಮೇಲೆ? ಕೆಳಗಿಡು. ಮಜ್ಜಿಗೆ ಲೋಟ ಪಕ್ಕದಲ್ಲೈತೆ, ತಗಲ್ತದೆ. ಆಯ್ತು, ಹಿಡೀತೀನಿ. ಹಿಡಿದು ತೋರಿಸಬೇಕಾ ನಿಂಗೆ? ತಗೋ, ಹಿಡಿದೆ. ನೋಡು.

...

ಅದು ಲೋಟದ ಸದ್ದು. ಪಾನ ತಗಲಿ ಲೋಟ ಸದ್ದು ಮಾಡ್ತೈತೆ. ಗಾಳಿ ಇದ್ರೆ... ಇವತ್ತು ಗಾಳಿ ಇಲ್ಲ ಅಲ್ವ.

ನಿಲ್ತಾ ಇಲ್ಲ ಅದು. ತೆಗೆದುಬಿಡಪ್ಪ ಪಾನಾನ.

ಕೇಳು, ಪಾನಾನ ಮೋಟಾರಿನ ಹಿಂಭಾಗದ ಕಡೆಗೆ ಎಳೆಸಬೇಕು. ಮುಂದಕ್ಕೆ ಎಳೆದ್ರೆ ಇನ್ನೂ ಬಿಗೀತದೆ. ಕೊಳವೆ ನೆಟ್ಟಗೆ ಮೇಲಕ್ಕೆ ನಿಲ್ಲಿಸಿ, ತುದಿಗೆ ಹಗ್ಗ ಕಟ್ಟಿ, ಎತ್ತು ಹೂಡು. ಮೊದಲು ಹೊಂಗೆ ಎಣ್ಣೆ ಬಿಟ್ಟು ನೆನೀಲಿ. ಕಪಿಲೆ ಎತ್ತು ಜಗ್ಗಾಡಲ್ಲ, ಬಾನಿ ತುಂಬಿದ ನೀರು ತುಳುಕದ ಹಾಗೆ ಎಳೀತವೆ, ಒಂದು ಬೋಲ್ಟೂ ಮುರಿಯಲ್ಲ. ಕೆಂಪಕ್ಕನೇ ಬರ್ತಾಳೆ, ಅವಳ ಮಾತು ಕೇಳ್ತವೆ ಅವು. ಆವತ್ತೂ ಅವಳೇ... ಹೂಂ.

ಪಾನದ ಮೇಲೆ ಮಾತ್ರ ನನ್ನ ಕೈ ಇರಲಿ. ಸುಮ್ಮನೆ ಇಟ್ಕೊಂಡಿರ್ತೀನಿ. ದೂರದಿಂದ ನೋಡೋರಿಗೆ ಗೊತ್ತಾಗಲ್ಲ. ಕೂಗೋದು... ಕೂಗಬೇಡ ಬಿಡು. ಬೇಕಿದ್ರೆ ಕೂಗು. ನಿನ್ನಿಷ್ಟ.

ಲೋಟ ಯಾಕೆ ಎತ್ತಿದೆ? ಅದು ನನ್ನದು, ನಿಂದು ಅಲ್ಲಿ ಹಂಗೇ ಐತೆ. ಬಾಯಿ ಹತ್ರ ತರಬೇಡ, ನಾನೇನು ಮಗುವಾ... ಇವಳಿಗೆ ಹೇಳು, ಅವಳು ಕುಡಿಸ್ತಾಳೆ ದಿನಾ...

ಇನ್ನೊಂಚೂರು ಓರೆ ಮಾಡು.

ನೋಡು ತಿಪ್ಪೇರುದ್ರಪ್ಪ, ನನ್ನ ಮುಖ ನೋಡು. ಸ್ಟ್ಯಾಂಡಿನಲ್ಲಿ ಅಷ್ಟು ಜನದ ಮುಂದೆ ನಕ್ಕಿದ್ಯಲ್ಲ. ಈಗ ಇಲ್ಲಿ ಯಾರೂ ಇಲ್ಲ, ಹೊಟ್ಟೆ ತುಂಬ ನಗಬಹುದು. ಯಾಕೆ ನಗ್ತಾ ಇಲ್ಲ?