ಎಡಗಡೆ ಸೀಟಿನ ಬಿಸಿ

ಅಲ್ಲಮ್ಮ ಅನು, ಗಾಡಿ ಓಡ್ಸಕ್ಕೆ ಬರುತ್ತೆ ಅನ್ನೋದು ಬೇರೆ, ಈ ಗಾಡಿ ಗೊತ್ತು ಅನ್ನೋದು ಬೇರೆ. ಲೈಸೆನ್ಸ್ ಬಂತು, ಸಂತೋಷ. ಸ್ನೇಹಿತೇನ ಕೂರಿಸ್ಕೊಂಡು ಮುಳಬಾಗಿಲಿಗೆ ಹೋಗಿ ಬರ್ತೀನಿ ಅಂತೀಯ, ಹೋಗು, ನಾನು ಬೇಡ ಅನ್ನಲ್ಲ. ಆದ್ರೆ ಮೊದ್ಲು ಇಲ್ಲಿ ಜಗಲಿ ಮೇಲೆ ಹತ್ತು ನಿಮಿಷ ಕೂತ್ಕೋ. ಫೋನು ಕೆಳಗಿಡು. ಇದು ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ನಿಂಗಿಂತ ದೊಡ್ಡದು ವಯಸ್ಸಲ್ಲಿ. ನಾನು ಮಾಲೂರಿನ ಫ್ಯಾಕ್ಟರಿಯಿಂದ ರಿಟೈರ್ ಆದ ವರ್ಷ ತಗೊಂಡಿದ್ದು, ಸೆಕೆಂಡ್ ಹ್ಯಾಂಡ್, ಅಲ್ಲ, ಥರ್ಡ್ ಹ್ಯಾಂಡು, ಸುಳ್ಳು ಯಾಕೆ ಹೇಳ್ಲಿ. ಮನೇಲಿ ಯಾರಿಗೂ ಇಷ್ಟ ಇರ್ಲಿಲ್ಲ. ನಿಮ್ಮಜ್ಜಿ ಮಾತ್ರ ಒಂದು ಸುತ್ತು ಸುತ್ತಿ ನೋಡಿ, "ಇದ್ರೊಳಗೆ ಇಳೀಬೇಕೋ, ಹತ್ತಬೇಕೋ?" ಅಂದ್ಲು. ಅಷ್ಟು ತಗ್ಗು ಅದು.

ಮಾರನೇ ವರ್ಷ ಅವಳಿಗೆ ಕಾಯಿಲೆ ಬಂತು. ಯಾವ ಕಾಯಿಲೆ ಅಂತ ನಿಂಗೆ ಗೊತ್ತು, ಮತ್ತೆ ಹೇಳಲ್ಲ. ಮೂರು ವಾರಕ್ಕೊಂದು ಸಲ ಬೆಂಗಳೂರಿನ ಆಸ್ಪತ್ರೆಗೆ ಹೋಗಬೇಕು, ಬೆಳಗ್ಗೆ ಹೋದ್ರೆ ಡ್ರಿಪ್ ಮುಗಿಯೋದು ಮಧ್ಯಾಹ್ನ ಮೂರಕ್ಕೆ, ಆಮೇಲೆ ಆ ಬಿಸಿಲಲ್ಲಿ ವಾಪಸ್ ಕೋಲಾರಕ್ಕೆ. ಶುರುವಾಗಿದ್ದೇ ಏಪ್ರಿಲ್ಲಲ್ಲಿ. ಬಾಡಿಗೆ ಕಾರು ಮಾಡಿ ಅಂತ ನಿಮ್ಮಮ್ಮ ಹೇಳಿದ್ಲು. ನಮ್ಮನೇಲಿ ಗಾಡಿ ಇರಬೇಕಾದ್ರೆ ಯಾಕೆ ಅಂದೆ ನಾನು. ನನ್ನ ಗಾಡಿ ನಾನು ನೋಡ್ಕೋತೀನಿ ಅನ್ನೋ ಜಂಬ.

ಆಗ ಈ ಗಾಡಿಗೆ ಎರಡು ರೋಗ. ಒಂದು, ಹೊಸಕೋಟೆ ಟ್ರಾಫಿಕ್ಕಲ್ಲಿ ನಿಂತ್ರೆ ಇಂಜಿನ್ ಬಿಸಿ ಮುಳ್ಳು ಮೇಲಕ್ಕೆ ಹೋಗೋದು. ಅದು ರೇಡಿಯೇಟರ್ ಫ್ಯಾನಿನ ರಿಲೇ, ಫ್ಯಾನ್ ಆನ್ ಮಾಡೋ ಸ್ವಿಚ್ಚು, ಅದನ್ನ ನಾನೇ ಕಂಡುಹಿಡ್ದೆ, ನಾನೇ ಬದಲಾಯಿಸ್ದೆ. ಇನ್ನೊಂದು ಏಸಿ. ನಂಗೆ ತಣ್ಣಗೆ ಬರ್ತಿತ್ತು, ನಿಮ್ಮಜ್ಜಿ ಸೆಕೆ ಸೆಕೆ ಅನ್ನೋಳು. ನೋಡು, ನಾನು ಮೂವತ್ತು ವರ್ಷ ಇನ್‌ಸ್ಪೆಕ್ಷನ್ನಲ್ಲಿ ಇದ್ದೋನು. ಅಳತೆ ಇಲ್ದೆ ಸ್ಕ್ರೂ ಬಿಚ್ಚಬಾರದು ಅನ್ನೋದು ನನ್ನ ಕಾನೂನು. ಅವಳ ಕೈಗೆ ಒಂದು ಥರ್ಮಾಮೀಟರು ಕೊಟ್ಟೆ, ಒಂದು ನೋಟ್‌ಬುಕ್ಕು ಕೊಟ್ಟೆ. ಎಡಗಡೆ ಏಸಿ ಕಿಂಡೀಲಿ ಇದನ್ನ ಸಿಗಿಸು, ಅರ್ಧ ಗಂಟೆಗೊಂದು ಸಲ ನೋಡಿ ಬರಿ, ಎಲ್ಲಿದ್ದೀವಿ ಅಂತಾನೂ ಬರಿ, ಅಂದೆ. ಕೈಗೆ ಸೂಜಿ ಚುಚ್ಚಿಸ್ಕೊಂಡು ಬಂದೋಳ ಕೈಲಿ.

ಮೊದಲನೇ ಸಲ ವಾಪಸ್ ಬರುವಾಗ ಅವಳು ಬರೆದಿದ್ದು ಮೂವತ್ತಾರು ಡಿಗ್ರಿ. ಓದಿ ಹೇಳಿದ್ಲು. ನರಸಾಪುರದ ಹತ್ರ ಸರ್ವಿಸ್ ರೋಡಿಗೆ ಇಳಿಸಿ ನಿಲ್ಲಿಸ್ದೆ. ಬಾನೆಟ್ ಎತ್ತಿದೆ. ಬೆಲ್ಟು ನೋಡ್ದೆ, ಕಂಪ್ರೆಸರ್ ನೋಡ್ದೆ, ಪೈಪುಗಳನ್ನ ಮುಟ್ಟಿ ಮುಟ್ಟಿ ನೋಡ್ದೆ. ಎಲ್ಲಾ ಸರಿಯಾಗೇ ಇತ್ತು. ಒಂದು ಗಂಟೆ ಹೋಯ್ತು. ಒಂದು ಮರ ಇರ್ಲಿಲ್ಲ ಅಲ್ಲಿ, ಕಂಪನಿ ಬಸ್ಸುಗಳು ಧೂಳೆಬ್ಬಿಸ್ಕೊಂಡು ಹೋಗ್ತಿದ್ವು. ಅವಳು ಬಾಗಿಲು ತೆಗೆದು ಕಾಲು ಹೊರಗಿಟ್ಟು ವಾಂತಿ ಮಾಡ್ಕೊಂಡ್ಲು. "ಮನೆಗೆ ಹೋಗೋಣ ನಡೀರಿ" ಅಂದ್ಲು. "ಇನ್ನೈದು ನಿಮಿಷ ಸರೋಜ" ಅಂದೆ. ಎಷ್ಟು ಸಲ ಅಂದೆ ಅಂತ ನೆನಪಿಲ್ಲ.

ಮುಂದಿನ ಸಲದಿಂದ ಅಂಕಿ ಸರಿಹೋಯ್ತು. ಹದಿನಾಲ್ಕು, ಹದಿಮೂರು, ಹದಿನಾಲ್ಕು, ಹದಿನೈದು. ಅಷ್ಟರಲ್ಲಿ ಫ್ಯಾನ್ ರಿಲೇ ಬದಲಾಯಿಸಿದ್ದೆನಲ್ಲ, ಅದರ ಜೊತೆಗೇ ಇದೂ ರಿಪೇರಿ ಆಯ್ತು ಅನ್ಕೊಂಡೆ. ಅವಳ ಕುತ್ತಿಗೆ ಮಾತ್ರ ಒದ್ದೆ, ಸೆರಗಲ್ಲಿ ಒರೆಸ್ಕೋತಾನೇ ಇರೋಳು. ನಾನೇನಂದೆ ಗೊತ್ತಾ? "ಅಂಕಿ ಸರಿ ಇದೆ ಸರೋಜ. ಅದು ಔಷಧಿ ಬಿಸಿ, ಗಾಡೀದಲ್ಲ." ಅವಳು "ಇರಬಹುದು ಬಿಡಿ" ಅಂದ್ಲು. ಐದು ಸಲ, ಐದೋ ಆರೋ, ಆರು, ಆರು ಸಲ ಹಂಗೇ ಕರ್ಕೊಂಡು ಹೋಗಿ ಬಂದೆ.

ಆಮೇಲೆ ಒಂದಿನ ಮುಂದಿನ ಚಕ್ರದ ಹತ್ರ ಏನೋ ಗೊರಗೊರ ಸದ್ದು. ಟೇಕಲ್ ರಸ್ತೆ ಮುನಿರಾಜು ಇದ್ದಾನಲ್ಲ, ಮೆಕ್ಯಾನಿಕ್ಕು, ಮನೇಲಿ ತೆಲುಗು ಮಾತಾಡೋನು, ಅವನನ್ನ ಕರೆಸ್ದೆ. "ಸಾರ್, ನಾನು ಓಡಿಸ್ತೀನಿ, ನೀವು ಈ ಪಕ್ಕ ಕೂತು ಸದ್ದು ಎಲ್ಲಿಂದ ಅಂತ ಕೇಳಿ" ಅಂದ. ಕೂತೆ. ಈ ಗಾಡಿ ತಗೊಂಡು ಒಂದೂವರೆ ವರ್ಷ ಆಗಿತ್ತು, ಎಡಗಡೆ ಸೀಟಲ್ಲಿ ನಾನು ಕೂತಿದ್ದು ಅವತ್ತೇ ಮೊದಲು. ಬೈಪಾಸ್ ದಾಟೋದ್ರೊಳಗೆ ಕಾಲು ಸುಡಕ್ಕೆ ಶುರುವಾಯ್ತು. ಮುಖಕ್ಕೆ ಒಲೆ ಮುಂದೆ ಕೂತಂಗೆ ಗಾಳಿ. ಮುನಿರಾಜು ನನ್ನ ಮುಖ ನೋಡಿ ಕೈ ಚಾಚಿ ಎಡಗಡೆ ಕಿಂಡಿಗೆ ಹಿಡಿದ. "ಏಮಿ ಸಾರ್ ಇದಿ. ನನ್ನ ಕಡೆ ಐಸು, ನಿಮ್ಮ ಕಡೆ ಬೆಂಕಿ." ಗಾಡಿ ನಿಲ್ಲಿಸಿ ನೋಡ್ದ. ಈ ಗಾಡೀಲಿ ಎರಡು ಕಡೆಗೂ ಬೇರೆ ಬೇರೆ ಹೀಟರ್ ವಾಲ್ವು. ಎಡಗಡೇದು ತೆರೆದೇ ಅಂಟ್ಕೊಂಡಿತ್ತು, ಇಂಜಿನ್ನಿನ ಬಿಸಿನೀರು ಆ ಕಡೆ ತಿರುಗ್ತಾನೇ ಇತ್ತು. ಒಂದು ಕ್ಲಿಪ್ಪು ತಗೊಂಡು ಆ ಪೈಪನ್ನ ಅಮುಕಿ ಮುಚ್ಚಿದ. ಹತ್ತು ನಿಮಿಷ, ಅಷ್ಟೇ. "ಮೇಡಮ್ಮೋರು ಹೆಂಗ್ ಸಾರ್ ಕೂತಿದ್ರು ಇದ್ರಲ್ಲಿ?" ಅಂದ.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಫ್ಯಾಕ್ಟರೀಲಿ ಅಳೀದೆ ಕೂತಲ್ಲೇ ಅಂಕಿ ಬರೆಯೋರನ್ನ ಒಂದೇ ನೋಟಕ್ಕೆ ಹಿಡಿತಿದ್ದೆ ನಾನು. ಅಳೆದ ಅಂಕಿ ಏರುಪೇರಾಗಿರುತ್ತೆ, ಬರೆದ ಅಂಕಿ ನುಣ್ಣಗಿರುತ್ತೆ. ಎಷ್ಟು ಜನಕ್ಕೆ ಮೆಮೊ ಕೊಟ್ಟಿದ್ದೀನಿ. ಹದಿನಾಲ್ಕು, ಹದಿಮೂರು, ಹದಿನಾಲ್ಕು. ಟೋಲ್ ಹತ್ರ ಅರ್ಧ ಗಂಟೆ ನಿಂತ ದಿನಾನೂ ಹದಿನಾಲ್ಕು. ನನ್ನ ಮನೇಲೇ ನಂಗೆ ಕಾಣಲಿಲ್ಲ. ಒಳಗೆ ಮಲಗಿದ್ಲು. ಹೋಗಿ ಮಂಚದ ಪಕ್ಕ ಕೂತೆ.

"ಸರೋಜ, ಇದು ನೋಡಿ ಬರೆದಿದ್ದಾ?"

"ಮೊದಲನೇ ಪುಟ ನೋಡಿ ಬರೆದಿದ್ದು."

"ಮಿಕ್ಕಿದ್ದು?"

"ನಿಮಗೆ ಇಷ್ಟ ಆಗೋದು ಬರೆದೆ."

"ಯಾಕೆ ಹಿಂಗ್ ಮಾಡ್ದೆ? ಹೇಳಿದ್ರೆ ರಿಪೇರಿ ಮಾಡ್ತಿದ್ನಲ್ಲ."

"ಹೇಳಿದ್ರೆ ನೀವು ನಿಲ್ಲಿಸ್ತೀರಿ ಕಣ್ರೀ. ಬಾನೆಟ್ ಎತ್ತುತೀರಿ. ನಂಗೆ ಮನೆಗೆ ಬಂದು ಮಲಗಿದ್ರೆ ಸಾಕಾಗಿತ್ತು." ಕೋಪ ಇರ್ಲಿಲ್ಲ ಅವಳ ಮಾತಲ್ಲಿ. ಅದೇ ನಂಗೆ ತಡೆಯಕ್ಕಾಗ್ಲಿಲ್ಲ. "ಈಗ ಸರಿಹೋಯ್ತಾ ನಿಮ್ಮ ಗಾಡಿ?" ಅಂತ ಕೇಳಿದ್ಲು. ಸರಿಹೋಯ್ತು ಅಂದೆ. "ಹಂಗಾದ್ರೆ ಮುಂದಿನ ಸಲ ಆರಾಮಾಗಿ ಹೋಗೋಣ" ಅಂದ್ಲು.

ಮುಂದಿನ ಸಲ ಅವಳಿಗೆ ಕೂರಕ್ಕೇ ಆಗ್ಲಿಲ್ಲಮ್ಮ. ವ್ಯಾನ್ ತರಿಸಿ ಮಲಗಿಸ್ಕೊಂಡು ಹೋದ್ವಿ. ಪಕ್ಕದಲ್ಲಿ ನಿಮ್ಮಮ್ಮ, ಮುಂದೆ ನಿಮ್ಮಪ್ಪ, ಅದ್ರಲ್ಲಿ ಇನ್ನೊಬ್ಬರಿಗೆ ಜಾಗ ಇರ್ಲಿಲ್ಲ. ನಾನು ಹಿಂದೆ ಹಿಂದೆ ಈ ಗಾಡೀಲಿ ಒಬ್ಬನೇ. ಬೆಂಗಳೂರಿನ ತನಕ ಎಡಗಡೆ ಕಿಂಡಿಯಿಂದ ತಣ್ಣಗೆ ಗಾಳಿ ಬಂತು, ಖಾಲಿ ಸೀಟಿನ ಮೇಲೆ. ಆರಿಸಿಬಿಡಬೇಕು ಅನ್ನಿಸ್ತು, ಕೈ ಹೋಗ್ಲಿಲ್ಲ. ವಾಪಸ್ ಬರ್ಲಿಲ್ಲ ಅವಳು, ಅದೇ ಕೊನೆ.

ಅಳಬೇಡ, ಅಳೋದಕ್ಕಲ್ಲ ಹೇಳಿದ್ದು. ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೊಂಡು ಹೋಗೋ ಮುಂಚೆ, ಅವರು ಕೂರೋ ಜಾಗದಲ್ಲಿ ಒಂದು ಸಲ ನೀನು ಕೂತು ನೋಡು. ಕೇಳಿ ತಿಳ್ಕೋತೀನಿ ಅನ್ಬೇಡ. ನಮ್ಮೋರು ನಿಜ ಹೇಳಲ್ಲ.